ಹಣಮಂತ್ರಾಯ ಓದಿದ ಕಾಗದ

ಹಳೇ ಕ್ಯಾಂಪ್ ಓಣಿ, ಶಹಾಪುರ
ದಿನಾಂಕ ೨೧-೧೧-೧೯೯೪, ಸೋಮವಾರ

ಪ್ರೀತಿಯ ತಮ್ಮ ಮೌನಪ್ಪನಿಗೆ ನಿನ್ನ ಅಕ್ಕ ಮರಿಲಿಂಗಮ್ಮ ಮನಸಾರೆ ಹರಸಿ ಬರೆಯುವುದೇನೆಂದರೆ,

ನಿನ್ನ ಬೆನ್ನು ಹೇಗಿದೆ? ದಸರೆಗೆ ಮುಂಬೈಯಿಂದ ಊರಿಗೆ ಬಂದಿದ್ದ ನಿನ್ನ ಜೊತೆಗಾರ ಸುಲ್ತಾನಸಾಬ ಎಲ್ಲ ಹೇಳಿದ. ಸಿಮೆಂಟ್ ಚೀಲ ಹೊರುವುದನ್ನು ಬಿಟ್ಟಿದ್ದೀಯಂತೆ, ಕಟ್ಟುತ್ತಿರುವ ಮನೆಗೆ ಕಾವಲು ನಿಂತಿದ್ದೀಯಂತೆ, ಕೂತವನು ಏಳಬೇಕಾದರೆ ಗೋಡೆ ಹಿಡಿಯುತ್ತೀಯಂತೆ. ಇಪ್ಪತ್ತೊಂಬತ್ತು ವರ್ಷಕ್ಕೆ ಗೋಡೆ ಹಿಡಿದು ಏಳುವ ಹಾಗಾಯಿತಲ್ಲ ಎಂದು ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಬಿಸಿನೀರಿನ ಶಾಖ ಕೊಟ್ಟುಕೋ, ನೆಲದ ಮೇಲೆ ಬರೀ ಚಾಪೆ ಹಾಸಿ ಮಲಗಬೇಡ. ಇಲ್ಲಿ ನಾವೆಲ್ಲ ಆರಾಮ. ಅವ್ವನ ಒಂದು ಕಣ್ಣಿಗೆ ಪೊರೆ ಬಂದಿದೆ, ಬಾಯಿ ಮಾತ್ರ ಮೊದಲಿನ ಹಾಗೆಯೇ ಇದೆ. ನಮ್ಮ ಮನೆಯವರು, ನಿನ್ನ ಮಾವ ಭಾಗಣ್ಣ, ಹತ್ತಿ ಮಿಲ್ಲಿನಲ್ಲಿ ಲಾರಿ ತುಂಬುತ್ತಾರೆ. ಓಣಿಗೆ ಇನ್ನೂ ನಲ್ಲಿ ಬಂದಿಲ್ಲ. ಕಾಲುವೆ ತೋಡಿದ ಕೂಲಿಯವರ ಓಣಿಗೇ ನೀರಿಲ್ಲ, ಕಾಲುವೆ ಮಾತ್ರ ಸುರಪುರದ ಆಚೆ ಹೊಲಗಳವರೆಗೂ ಹರಿಯುತ್ತಿದೆ. ಅದು ನಿನಗೆ ಹೊಸ ಸುದ್ದಿಯಲ್ಲ ಬಿಡು.

ಹೊಸ ಸುದ್ದಿ ಎಂದರೆ ಈ ಕಾಗದ ನಾನೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಅವರಿವರ ಕೈಕಾಲು ಹಿಡಿದು ಬರೆಸುತ್ತಿದ್ದೆ. ಈ ಸಲದ ಅಕ್ಷರ, ಹೊಡೆದು ಹಾಕಿದ ಕಾಟು, ಮಸಿಯ ಕಲೆ ಎಲ್ಲ ನನ್ನವೇ. ಮಾತಾಡಿದ ಹಾಗೆ ಬರೆಯಬೇಡ, ಪುಸ್ತಕದಲ್ಲಿ ಇದ್ದ ಹಾಗೆ ಬರೆ ಎಂದು ನಮ್ಮ ಟೀಚರಮ್ಮ ಕಲಿಸಿದ್ದರಿಂದ ಸ್ವಲ್ಪ ಬಿಗಿಯಾಗಿ ಕೇಳಿಸಬಹುದು. ಸುಲ್ತಾನಸಾಬ, ಇದನ್ನು ನೀನೇ ಓದಿ ಹೇಳುತ್ತಿರುತ್ತೀ ಎಂದು ಗೊತ್ತಪ್ಪ, ನಿನ್ನ ಮೇಲೆ ನನಗೆ ಅಪನಂಬಿಕೆ ಇಲ್ಲ, ಬೇಜಾರು ಮಾಡಿಕೊಳ್ಳಬೇಡ. ಆದರೂ ಮೌನಪ್ಪಾ, ಸುಲ್ತಾನಸಾಬ ಓದಿ ಮುಗಿಸಿದ ಮೇಲೆ ಇದನ್ನು ಇನ್ನೊಬ್ಬರ ಕೈಯಿಂದ, ಅವನಿಲ್ಲದಾಗ, ಮತ್ತೊಮ್ಮೆ ಓದಿಸು. ಎರಡೂ ಒಂದೇ ಆಗಿದ್ದರೆ ಮಾತ್ರ ನಂಬು. ಯಾಕೆ ಇಷ್ಟು ಹುಷಾರಿ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಮೂರು ವರ್ಷದ ಹಿಂದೆ ಖುರ್ಷೀದಬೇಗಂ ಎಂಬ ಹುಡುಗಿ ನಮ್ಮ ಓಣಿಗೆ ಪಾಟಿ, ಬಳಪ ಹಿಡಿದು ಬಂದಳು. ಪೇಟೆಯ ದರ್ಜಿಯ ಮಗಳು, ಮೆಟ್ರಿಕ್ ಪಾಸಾದವಳು. ಸೂರಿಲ್ಲದೆ ನಿಂತಿರುವ ಸಮಾಜ ಮಂದಿರದ ಗೋಡೆಗೆ ಕರಿ ಬಣ್ಣ ಬಳಿದು, ಸಂಜೆ ನಾಲ್ಕಕ್ಕೆ, ಕೂಲಿ ಮುಗಿಸಿ ಬಂದ ಹೆಂಗಸರನ್ನು ಕೂರಿಸಿದಳು. ನಾನು ಹೋದದ್ದು ವಿದ್ಯೆಯ ಮೇಲಿನ ಆಸೆಯಿಂದಲ್ಲ. ಮಿಲ್ಲಿನಲ್ಲಿ ಹತ್ತಿ ಹೊತ್ತು ಹೊತ್ತು ಧೂಳು ಎದೆಗೆ ಇಳಿದಿತ್ತು. ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಬಣ್ಣದಲ್ಲಿ ನಂಬರು, ಊರ ಹೆಸರು ಬರೆಯುವ ಕೆಲಸಕ್ಕೆ ಓದು ಬಲ್ಲವರು ಬೇಕು ಎಂದು ಮಿಲ್ಲಿನ ಲೆಕ್ಕ ಬರೆಯುವ ಮುನಶಿ ಹೇಳಿದ್ದ. ಅದು ನೆರಳಿನ ಕೆಲಸ. ನಿನ್ನ ಮಾವ ನಕ್ಕರು, "ಈ ವಯಸ್ಸಿನ್ಯಾಗ ಪಾಟಿ ಹಿಡದು ಯಾವ ಕಚೇರಿಗಿ ಹೋಗಾಕಿ?" ಎಂದರು. ನಾನು ಎಲ್ಲಿಗೂ ಹೋಗಲಿಲ್ಲ. ಒಂದೂವರೆ ವರ್ಷಕ್ಕೆ ಆ ಕೆಲಸ ನನಗೇ ಬಂತು. ಕೆಂಭಾವಿಯ ಹತ್ತಿ ಯಾವುದು, ಯಾದಗಿರಿ ಕಡೆಯದು ಯಾವುದು ಎಂದು ಈಗ ಲಾರಿಯವರು ನನ್ನನ್ನು ಕೇಳುತ್ತಾರೆ. ನಮ್ಮ ಜೊತೆ ಕಲಿತವರಲ್ಲಿ ಇಬ್ಬರು ಆಸ್ಪತ್ರೆಯಲ್ಲಿ ಆಯಾ ಆಗಿದ್ದಾರೆ, ಒಬ್ಬಳು ಅಂಗನವಾಡಿಯಲ್ಲಿ ಅಡುಗೆಗೆ ಸೇರಿದ್ದಾಳೆ. ಇದನ್ನೆಲ್ಲ ನಿನಗೆ ಮೊದಲೇ ತಿಳಿಸಬಹುದಿತ್ತು. ನಾನೇ ಬರೆಯುವ ಶಕ್ತಿ ಬರುವವರೆಗೆ ತಿಳಿಸಬಾರದು ಎಂದು ಹಟ ಹಿಡಿದಿದ್ದೆ, ಇಲ್ಲಿಯ ಯಾವ ಸುದ್ದಿಯನ್ನೂ ನಿನಗೆ ಹೇಳಬಾರದು ಎಂದು ದಸರೆಗೆ ಬಂದ ಸುಲ್ತಾನಸಾಬನಿಗೂ ಆಣೆ ಹಾಕಿದ್ದೆ.

ಈಗ ನನಗೆ ಈ ಹುಷಾರಿ ಕಲಿಸಿದ ಹಳೆಯ ಕಾಗದದ ವಿಷಯ. ಅಪ್ಪ ಕಾಲುವೆಯ ದಂಡೆ ಕುಸಿದು ಮಣ್ಣಿನಡಿ ಹೋದಾಗ ನಿನಗೆ ಹದಿನೆಂಟು. ಸತ್ತ ಕೂಲಿಯವರ ಮಕ್ಕಳಿಗೆ ನೌಕರಿ ಕೊಡುತ್ತಾರೆ ಎಂದು ಯಾರೋ ಹೇಳಿ ನಾನೇ ಅರ್ಜಿ ಬರೆಸಿ, ನಿನ್ನ ಹೆಬ್ಬೆಟ್ಟು ಒತ್ತಿಸಿ ಕೊಟ್ಟಿದ್ದೆ. ಮರುವರ್ಷ ಟಪಾಲಿನಲ್ಲಿ ಒಂದು ಕಾಗದ ಬಂತು. ಓಣಿಯಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲವಾದ್ದರಿಂದ ಎಲ್ಲರ ಕಾಗದಗಳೂ ಹೋಗುವ ಕಡೆಗೇ ಅದೂ ಹೋಯಿತು. ಕಾಲುವೆ ಆಫೀಸಿನ ಕಾರಕೂನ ಹಣಮಂತ್ರಾಯನ ಹತ್ತಿರ. ಆಗ ಹಣಮಂತ್ರಾಯ ಸಾಹೇಬರು ಎನ್ನುತ್ತಿದ್ದೆವು. ಕ್ಯಾಂಪಿನ ಚಹಾದಂಗಡಿಯ ಬಾಕಿನ ಮೇಲೆ ಕೂತು ಬಡವರ ಕಾಗದ ಓದಿ ಹೇಳುವ ದೊಡ್ಡ ಮನುಷ್ಯ ಎಂದು ನಾವೆಲ್ಲ ಕೈ ಮುಗಿಯುತ್ತಿದ್ದೆವು. ಇನ್ನು ಮುಂದೆ ನಾನು ಅವನಿಗೆ ಬಹುವಚನ ಹಾಕುವುದಿಲ್ಲ. ಅವನು ಕನ್ನಡಕ ಏರಿಸಿ ಕಾಗದ ನೋಡಿ ಏನು ಹೇಳಿದ ಎಂಬುದು ನಿನಗೂ ನೆನಪಿರಬೇಕು. "ನಿಮ್ಮಪ್ಪ ಗುತ್ತಿಗೆದಾರನ ಕೂಲಿ ಅಂತ, ಸರ್ಕಾರದ ಆಳಲ್ಲಂತ. ನೌಕರಿ ಕೊಡಾಕ ಬರಂಗಿಲ್ಲ ಅಂತ ಬರದಾರ. ದ್ಯಾವಪ್ಪನ ಹೆಸರ ಮಾತ್ರ ಛಂದ ಟೈಪ್ ಮಾಡ್ಯಾರ ನೋಡು." ಹೀಗೆ ಹೇಳಿ ಕಾಗದ ಮಡಚಿ ನನ್ನ ಕೈಗೆ ಕೊಟ್ಟ.

ಆಮೇಲೆ ನಾಲ್ಕು ದಿನಕ್ಕೆ ನೀನು ಯಾದಗಿರಿ ಸ್ಟೇಶನ್ನಿಗೆ ಹೋಗಿ ಮುಂಬೈ ಗಾಡಿ ಹತ್ತಿದೆ. ಹೋಗುವಾಗ ಆಡಿದ ಮಾತನ್ನು ನೀನು ಮರೆತಿರಬಹುದು, ನಾನು ಮರೆತಿಲ್ಲ. "ಅಪ್ಪನ ಸಾವ ತೋರ್ಸಿ ಭಿಕ್ಷಾ ಬೇಡ್ಸಿದಿ ಅಕ್ಕಾ. ಅವರು ನಮ್ಮ ಮಾರಿಗಿ ಉಗುಳ್ಯಾರ." ನಿನ್ನ ಮಾತು ಸರಿ ಎಂದೇ ನಾನೂ ತಿಳಿದಿದ್ದೆ. ಹತ್ತು ವರ್ಷ ಆ ತಪ್ಪು ನನ್ನದು ಎಂದು ತಲೆತಗ್ಗಿಸಿ ಬದುಕಿದೆ. ಆದರೂ ಅಪ್ಪನ ಹೆಸರು ಇದೆಯಲ್ಲ ಎಂದು ಕಾಗದವನ್ನು ದೇವರ ಮಾಡಿನಲ್ಲಿ ಇಟ್ಟೆ. ಅಮಾವಾಸ್ಯೆಗೊಮ್ಮೆ ಅದಕ್ಕೆ ಕುಂಕುಮ ಹಚ್ಚುತ್ತಿದ್ದೆ. ನಮಗಿದ್ದ ಅಪ್ಪನ ಫೋಟೋ ಅದೊಂದೇ.

ಈ ವರ್ಷ ಕಾರಹುಣ್ಣಿಮೆಗೆ ಮನೆ ಸಾರಿಸುವಾಗ ಅದನ್ನು ಕೆಳಗೆ ತೆಗೆದೆ. ಅಪ್ಪನ ಹೆಸರು ಎಲ್ಲಿದೆ ನೋಡೋಣ ಎಂದಷ್ಟೇ ಬಿಚ್ಚಿದ್ದು. ಕುಂಕುಮದ ಕಲೆಯ ನಡುವೆ ದ್ಯಾವಪ್ಪ ಸಿಕ್ಕಿತು. ಅದರ ಪಕ್ಕದಲ್ಲಿ ಮೌನಪ್ಪ ಸಿಕ್ಕಿತು, ಕೆಳಗಿನ ಸಾಲಿನಲ್ಲಿ ಇನ್ನೊಮ್ಮೆ ಮೌನಪ್ಪ. ಬೇಡ ಎಂದು ಬರೆಯಲು ನಿನ್ನ ಹೆಸರು ಎರಡು ಸಲ ಯಾಕೆ ಬೇಕು ಎನಿಸಿ ಮೊದಲಿನಿಂದ ಓದತೊಡಗಿದೆ. ಸಗಣಿ ಕೈಯಲ್ಲಿ ಹೊಸ್ತಿಲ ಮೇಲೆ ಕೂತು, ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅದರಲ್ಲಿ ಇದ್ದದ್ದನ್ನು ಹಾಗೆಯೇ ಬರೆಯುತ್ತೇನೆ. "ದಿವಂಗತ ದ್ಯಾವಪ್ಪ ಇವರು ಕಾಲುವೆ ಕಾಮಗಾರಿಯಲ್ಲಿ ಮೃತಪಟ್ಟ ಕಾರಣ ಅವರ ಮಗ ಮೌನಪ್ಪ ಇವರನ್ನು ಕಾಲುವೆಯ ಗೇಟು ಕಾಯುವ ಹುದ್ದೆಗೆ ಆಯ್ಕೆ ಮಾಡಲಾಗಿದೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಮೌನಪ್ಪ ಇವರು ಕಚೇರಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಬೇರೆಯವರನ್ನು ನೇಮಿಸಲಾಗುವುದು." ಹಾಜರಾಗತಕ್ಕದ್ದು ಎಂಬ ಮಾತು ನನಗೆ ತಿಳಿಯಲಿಲ್ಲ. ಸಂಜೆ ಖುರ್ಷೀದಬೇಗಂಳನ್ನು ಕೇಳಿದೆ. ಬರಲೇಬೇಕು ಎಂದು ಅರ್ಥ ಎಂದಳು.

ತಮ್ಮಾ, ಆ ನೌಕರಿ ನಿನ್ನದಾಗಿತ್ತು. ಹದಿನೈದು ದಿನದಲ್ಲಿ ನಾಲ್ಕನೆಯ ದಿನ ನೀನು ಊರು ಬಿಟ್ಟೆ. ಆ ಗೇಟಿನಲ್ಲಿ ಹತ್ತು ವರ್ಷದಿಂದ ನಿಂತಿರುವವನು ಈಶಪ್ಪ, ಹಣಮಂತ್ರಾಯನ ಸ್ವಂತ ಅಣ್ಣನ ಮಗ. ಮಿಲ್ಲಿಗೆ ಸೇರುವ ಮೊದಲು ಹೊಲದ ಕೂಲಿಗೆ ಹೋಗುವಾಗ ಅವನನ್ನು ದಿನಾ ನೋಡಿದ್ದೇನೆ. ಬಿಸಿಲಿಗೆ ಬಾಯಾರಿ ಅವನ ಕೊಡದಲ್ಲಿ ನೀರು ಕೇಳಿ ಕುಡಿದಿದ್ದೇನೆ.

ನನಗೆ ಸಿಟ್ಟು ಬಂದದ್ದು ಅವನು ಸುಳ್ಳು ಹೇಳಿದ್ದಕ್ಕಿಂತ ಕಾಗದವನ್ನು ತಿರುಗಿ ನನ್ನ ಕೈಗೇ ಕೊಟ್ಟನಲ್ಲ, ಅದಕ್ಕೆ. ಹರಿಯಬಹುದಿತ್ತು, ಜೇಬಿಗೆ ಹಾಕಿಕೊಳ್ಳಬಹುದಿತ್ತು. ಅವನಿಗೆ ಅಷ್ಟು ತೊಂದರೆ ತೆಗೆದುಕೊಳ್ಳಬೇಕು ಎನಿಸಲಿಲ್ಲ. ಇವರ ಏಳು ತಲೆಮಾರು ಬಂದರೂ ಇದನ್ನು ಓದುವುದಿಲ್ಲ ಎಂದು ಅವನಿಗೆ ಅಷ್ಟು ಧೈರ್ಯ. ಅವತ್ತೇ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಇವನನ್ನು ಮೂಲೆಯಲ್ಲಿ ಕೇಳಬಾರದು, ನಾಲ್ಕು ಜನರ ಎದುರಿಗೇ ಕೇಳಬೇಕು.

ಭಾಗಣ್ಣನಿಗೆ ಹೇಳಿದರೆ ಹೆದರಿದರು. "ಆಫೀಸಿನವ್ರ ಉಸಾಬರಿ ಬ್ಯಾಡ. ಹತ್ತು ವರ್ಷ ಆಗಿ ಹೋತು" ಎಂದರು. ಅವ್ವನಿಗೆ ಹೇಳಿದೆ. ಅವಳು ಅಳಲಿಲ್ಲ, "ಆತ ಇನ್ನೂ ಬದುಕ್ಯಾನಲ್ಲ? ಹಂಗಾದ್ರ ಚೊಲೋ ಆತು" ಎಂದಳು. ಮರುದಿನದಿಂದ ನಾನು ಮತ್ತು ಖುರ್ಷೀದಬೇಗಂ ಓಣಿಯ ಮನೆಮನೆಗೆ ಹೋಗಿ, ಹಣಮಂತ್ರಾಯ ಓದಿ ಹೇಳಿದ ಕಾಗದಗಳು ಏನಾದರೂ ಉಳಿದಿದ್ದರೆ ಕೊಡಿ ಎಂದು ಕೇಳಿದೆವು. ಟ್ರಂಕಿನಿಂದ, ಜೋಳದ ಗಡಿಗೆಯಿಂದ, ಜಂತಿಯ ಸಂದಿಯಿಂದ ಕಾಗದಗಳು ಹೊರಗೆ ಬಂದವು. ಹೆಚ್ಚಿನವನ್ನು ಅವನು ಸರಿಯಾಗಿಯೇ ಓದಿದ್ದ. ಲಗ್ನದ ಸುದ್ದಿ, ಸಾವಿನ ಸುದ್ದಿಯಲ್ಲಿ ಅವನಿಗೇನು ಲಾಭ? ಮೂರು ಕಾಗದ ಮಾತ್ರ ಬೇರೆ ಇದ್ದವು. ಒಂದು ನಿನ್ನದು. ಇನ್ನೊಂದು ಜಹೀರುನ್ನೀಸಾ ಬಾಯಿಯ ಮಗಳಿಗೆ ನರ್ಸ್ ತರಬೇತಿಗೆ ಬಂದ ಕರೆ. ಸೀಟು ಸಿಗಲಿಲ್ಲ ಎಂದು ಅವನು ಓದಿದ್ದ, ಆ ಹುಡುಗಿ ಈಗ ಇಟ್ಟಂಗಿ ಭಟ್ಟಿಯಲ್ಲಿ ಇದ್ದಾಳೆ. ಮತ್ತೊಂದು ಹುಲಗಪ್ಪ ಕಾಕಾನಿಗೆ ಪುರಸಭೆಯ ಕಾವಲುಗಾರ ಕೆಲಸಕ್ಕೆ ಬಂದದ್ದು. ಕಾಕಾ ತೀರಿಕೊಂಡು ಆರು ವರ್ಷವಾಯಿತು. ಖುರ್ಷೀದಬೇಗಂ ಮೇಲಿನವರಿಗೆ ಅರ್ಜಿ ಬರೆಯೋಣ ಎಂದಳು. ಬರೆಯೋಣ, ಆದರೆ ಅರ್ಜಿಯನ್ನೂ ಕಾರಕೂನರೇ ಓದುತ್ತಾರಲ್ಲವೇ ಎಂದೆ.

ದೇವರು ಒಮ್ಮೊಮ್ಮೆ ತಾನಾಗಿಯೇ ದಾರಿ ಬಿಡುತ್ತಾನೆ. ಸೆಪ್ಟೆಂಬರ್ ಎಂಟಕ್ಕೆ ಸಾಕ್ಷರತಾ ದಿನ ಎಂದು ಪೇಟೆಯ ಮೈದಾನದಲ್ಲಿ ಪೆಂಡಾಲ್ ಹಾಕಿದರು. ಗುಲಬರ್ಗಾದಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಹೊಸದಾಗಿ ಓದು ಕಲಿತ ಒಬ್ಬ ಹೆಂಗಸು ವೇದಿಕೆಯ ಮೇಲೆ ಪಾಠ ಓದಬೇಕು ಎಂದು ನನ್ನನ್ನು ಆರಿಸಿದರು. ಅದೇ ವೇದಿಕೆಯಲ್ಲಿ, ಇಪ್ಪತ್ತು ವರ್ಷ ಬಡವರ ಕಾಗದ ಓದಿ ಸೇವೆ ಮಾಡಿದ್ದಕ್ಕಾಗಿ ಹಣಮಂತ್ರಾಯನಿಗೆ ಶಾಲು ಹೊದಿಸುವುದಿತ್ತು. ಆ ಸುದ್ದಿ ಕೇಳಿ ಅವ್ವ ಹಬ್ಬದ ಸೀರೆ ತೆಗೆಸಿದಳು. ಒಂದೇ ಕಣ್ಣಿನಲ್ಲಿ ನೋಡಬೇಕು, ಮುಂದಿನ ಸಾಲಿನಲ್ಲಿ ಕೂರಿಸು ಎಂದಳು.

ಅವನಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಓಣಿಯವರ ಕಣ್ಣು ನಾನು ಎಂದು ಅವನೇ ಮೈಕಿನಲ್ಲಿ ಹೇಳಿದ. ಆಮೇಲೆ ನನ್ನನ್ನು ಕರೆದರು. ಪುಸ್ತಕದ ಒಳಗೆ ಇಟ್ಟುಕೊಂಡಿದ್ದ ಕಾಗದ ತೆಗೆದು, ಇದು ಹತ್ತು ವರ್ಷದ ಹಿಂದೆ ಸಾಹೇಬರು ನನಗೆ ಓದಿ ಹೇಳಿದ ಕಾಗದ, ಇವತ್ತು ನಾನು ಅವರಿಗೆ ಓದಿ ಹೇಳುತ್ತೇನೆ ಎಂದೆ. ಜನ ಚಪ್ಪಾಳೆ ತಟ್ಟಿದರು, ಸನ್ಮಾನದ ಮಾತು ಎಂದುಕೊಂಡಿರಬೇಕು. ಅವನೂ ನಗುತ್ತಿದ್ದ. ದ್ಯಾವಪ್ಪ ಎಂಬ ಹೆಸರು ಬಂದಾಗ ನಗು ನಿಂತಿತು. ನಾನು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ತಾರೀಖು ಸಮೇತ ಓದಿದೆ. ಓದಿ ಮುಗಿಸಿ, ಅವನು ಅವತ್ತು ಏನೆಂದು ಓದಿದ್ದ ಎಂಬುದನ್ನೂ ಹೇಳಿದೆ. ಆ ಗೇಟಿನಲ್ಲಿ ಈಗ ಯಾರಿದ್ದಾರೆ ಎಂದೂ ಹೇಳಿದೆ.

ಅವನು ಎದ್ದು ಮೈಕಿಗೆ ಕೈ ಹಾಕಿದ. "ಈಕಿಗಿ ಇನ್ನೂ ಸರಿಯಾಗಿ ಓದಾಕ ಬರಂಗಿಲ್ರಿ ಸರ್. ಅಕ್ಷರ ತಪ್ಪಸ್ಯಾಳ" ಎಂದ. ನಾನು ಅಧಿಕಾರಿಗಳ ಮುಂದೆ ಕಾಗದ ಇಟ್ಟು, "ಹಂಗಾದ್ರ ನೀವು ಓದ್ರಿ ಸರ್, ಎಲ್ಲಾರಿಗಿ ಕೇಳ್ಸಂಗ ಓದ್ರಿ" ಎಂದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಜಹೀರುನ್ನೀಸಾ ಬಾಯಿ ಕೆಳಗಿನಿಂದ ತನ್ನ ಕಾಗದ ಎತ್ತಿ ಹಿಡಿದು ನನ್ನದೂ ಓದಿರಿ ಎಂದಳು, ಹುಲಗಪ್ಪ ಕಾಕಾನ ಹೆಂಡತಿಯೂ ಎದ್ದು ನಿಂತಳು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಶಾಲನ್ನು ತೆಗೆಯಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಅದರ ಅಂಚು ಹಿಂಡುತ್ತ ಕೂತಿದ್ದ. ಆ ಮುಖವನ್ನು ನಿನಗೆ ತೋರಿಸಬೇಕಿತ್ತು ಮೌನಪ್ಪಾ. ಹತ್ತು ವರ್ಷದಲ್ಲಿ ನನ್ನ ಹೊಟ್ಟೆಗೆ ಬಿದ್ದ ಒಂದೇ ತಂಪು ಅದು.

ಮರುವಾರ ಅವನನ್ನು ಕೆಲಸದಿಂದ ಅಮಾನತು ಮಾಡಿದರು. ವಿಚಾರಣೆ ಎಂದು ಹೇಳಿದರು. ಅವನ ಕಡೆಯವರು ಒಬ್ಬೊಬ್ಬರಾಗಿ ಬಂದರು. ನಿವೃತ್ತಿಗೆ ಎರಡೇ ವರ್ಷ ಇದೆ, ಬಿಟ್ಟುಬಿಡು ಎಂದರು. ನನ್ನ ತಮ್ಮನ ಬೆನ್ನಿಗೂ ನಿವೃತ್ತಿ ಆಗಿದೆ ಎಂದು ಹೇಳಿ ಕಳಿಸಿದೆ.

ಹೋದ ಬುಧವಾರ ಮಧ್ಯಾಹ್ನ ಅವನ ಹೆಂಡತಿ ದೇವಕಮ್ಮ ಬಂದಳು. ಸುರಪುರದವಳು, ಸಾಧು ಹೆಂಗಸು, ಹಿಂದೆ ಅವರ ಮನೆಯ ಅಂಗಳ ಬಳಿಯುವಾಗ ನನಗೆ ಬಿಸಿ ರೊಟ್ಟಿ ಕೊಡುತ್ತಿದ್ದಳು. ಸೆರಗಿನಲ್ಲಿ ಕಟ್ಟಿಕೊಂಡು ಒಂದು ಕಾಗದ ತಂದಿದ್ದಳು. "ತಪ್ಪಾತು ಅಂತ ಕೈಮುಗದು ಬರದಾರವ್ವ. ಇದನ್ನ ಒಪ್ಪೀನಿ ಅಂತ ಕೆಳಗ ನಿನ್ನ ಸಹಿ ಮಾಡಿದ್ರ ಸಾಕಂತ" ಎಂದಳು. ನಾನು ಓದಿದೆ. ಓದಿ ಅವಳ ಮುಖ ನೋಡಿದೆ. ಅವಳಿಗೆ ಅಕ್ಷರ ಬರುವುದಿಲ್ಲ ಎಂದು ನನಗೆ ಆಗ ತಿಳಿಯಿತು. ಕಾರಕೂನನ ಹೆಂಡತಿ, ಮೂವತ್ತು ವರ್ಷ ಅವನ ಜೊತೆ ಬಾಳಿದವಳು, ತಾನು ಏನು ಹೊತ್ತು ತಂದಿದ್ದೇನೆ ಎಂದು ಗೊತ್ತಿಲ್ಲದೆ ನನ್ನ ಹೊಸ್ತಿಲಲ್ಲಿ ನಿಂತಿದ್ದಳು.

ಸಹಿ ಮಾಡುವುದಿಲ್ಲ ಎಂದು ಸುಮ್ಮನೆ ತಿರುಗಿ ಕೊಡಬಹುದಿತ್ತು. ಕೊಡಲಿಲ್ಲ. ಕೂಡ್ರಿ ಬಾಯಾರ ಎಂದು ಚಾಪೆ ಹಾಸಿ, ಇದ್ದದ್ದು ಇದ್ದ ಹಾಗೆ ಓದಿ ಹೇಳಿದೆ. "ನನ್ನ ಹೆಂಡತಿ ದೇವಕಮ್ಮ ಇವಳು ಈಶಪ್ಪನಿಗೆ ನೌಕರಿ ಕೊಡಿಸಲೇಬೇಕೆಂದು ಉಪವಾಸ ಕೂತು ಹಟ ಮಾಡಿದ್ದರಿಂದ, ಅವಳ ಬಲವಂತಕ್ಕೆ ಈ ಪ್ರಮಾದ ನಡೆದಿದೆ. ಇದರ ಸಂಪೂರ್ಣ ಹೊಣೆ ಅವಳದೇ ಆಗಿದೆ." ಅವಳು ಚಾಪೆಯ ಮೇಲೆ ಮುಂದಕ್ಕೆ ಸರಿದಳು. "ಇನ್ನೊಮ್ಮಿ ಓದು" ಎಂದಳು. ಓದಿದೆ. "ಈಶಪ್ಪ ಅವರ ಅಣ್ಣನ ಮಗ. ನಾ ಆಗ ತಮ್ಮನ ಹೇಣ್ತಿ ಬಾಣಂತನಕ್ಕ ಸುರಪುರದಾಗಿದ್ದೆ. ನನಗ ಈ ಸುದ್ದಿ ಗೊತ್ತಾಗಿದ್ದ ನೀ ಸ್ಟೇಜಿನ ಮ್ಯಾಲ ಓದಿದಾಗ" ಎಂದಳು. ಆಮೇಲೆ ಕಾಗದವನ್ನು ನನ್ನ ಕಡೆ ಸರಿಸಿ, "ಇದು ನಿನ್ನ ಹಂತ್ಯಾಕ ಇರಲಿ. ವಿಚಾರಣಿಗಿ ಕರದ್ರ ನಾ ಬಂದು ಹೇಳ್ತೀನಿ" ಎಂದು ಎದ್ದಳು. ಮನೆಯ ಕಡೆ ಹೋಗಲಿಲ್ಲ, ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಸುರಪುರದ ತವರಿನಲ್ಲಿಯೇ ಇದ್ದಾಳಂತೆ, ಅವನು ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಾನೆ.

ಖುರ್ಷೀದಬೇಗಂ ಇದನ್ನು ಕೇಳಿ, ನೀವು ಆ ಹೆಂಗಸಿನ ಕಣ್ಣು ತೆರೆಸಿದಿರಿ ಎಂದಳು. ನಿನಗೆ ಮಾತ್ರ ನಿಜ ಹೇಳುತ್ತೇನೆ. ನಾನು ಅವಳ ಒಳ್ಳೆಯದಕ್ಕೆ ಓದಲಿಲ್ಲ. ಅವನ ಮನೆಯ ಒಲೆ ಆರಲಿ ಎಂದೇ ಓದಿದೆ. ಅವಳಿಗೆ ಒಳ್ಳೆಯದಾದರೆ ಅದು ಅವಳ ಪುಣ್ಯ.

ಈಶಪ್ಪನೂ ಬಂದಿದ್ದ. "ಅಕ್ಕಾ, ನಂಗ ಗೊತ್ತಿದ್ದಿಲ್ಲ. ಮೂರು ಮಕ್ಕಳವ" ಎಂದ. ಗೊತ್ತಿರಲಿಲ್ಲ ಎಂಬುದು ನಿಜವಿರಬಹುದು, ಆಗ ಅವನಿಗೂ ನಿನ್ನಷ್ಟೇ ವಯಸ್ಸು. ಈಗ ಗೊತ್ತಾಯಿತಲ್ಲ ಎಂದೆ. ಅವನ ಮಕ್ಕಳನ್ನು ನೆನೆದರೆ ಮನಸ್ಸಿಗೆ ಒಂದು ಥರ ಆಗುತ್ತದೆ. ಆದರೆ ನಿನಗೆ ಇನ್ನೂ ಲಗ್ನವೇ ಆಗಿಲ್ಲ, ಹುಟ್ಟದೇ ಹೋದ ನಿನ್ನ ಮಕ್ಕಳ ಪರವಾಗಿ ನನ್ನ ಹತ್ತಿರ ಯಾರು ಬಂದು ಕೇಳುತ್ತಾರೆ? ವಿಚಾರಣೆಯಲ್ಲಿ ಹುದ್ದೆ ನಿನಗೆ ಬರಬಹುದು, ಬಾರದೆಯೂ ಇರಬಹುದು, ಅಧಿಕಾರಿಗಳು ಖಚಿತವಾಗಿ ಏನೂ ಹೇಳಿಲ್ಲ. ಬಂದರೆ ಗೇಟು ತಿರುಗಿಸುವುದು ನಿನ್ನ ಬೆನ್ನಿಗೆ ಆಗುತ್ತದೆಯೋ ಇಲ್ಲವೋ, ಅದೂ ಯೋಚನೆ. ಅದೆಲ್ಲ ಆಮೇಲಿನ ಮಾತು. ಅವನನ್ನು ಮಾತ್ರ ನಾನು ಬಿಡುವುದಿಲ್ಲ.

ಅವ್ವ ನಿನ್ನ ತಲೆ ಸವರಿ ಆಶೀರ್ವಾದ ಹೇಳಿದ್ದಾಳೆ. ಭಾಗಣ್ಣ ಈಗ ಹೆದರುವುದನ್ನು ಬಿಟ್ಟು, ನನ್ನ ಹೆಂಡತಿ ಎಂದು ಮಿಲ್ಲಿನಲ್ಲಿ ಹೇಳಿಕೊಂಡು ತಿರುಗುತ್ತಾರೆ, ನಿನ್ನನ್ನು ಕೇಳಿದ್ದಾರೆ. ಸುಲ್ತಾನಸಾಬನ ಮನೆಯವರೆಲ್ಲ ಕ್ಷೇಮ ಎಂದು ಅವನಿಗೆ ತಿಳಿಸು. ಹೊಟ್ಟೆತುಂಬ ಉಣ್ಣು, ಭಾರ ಎತ್ತಬೇಡ. ನೂರು ವರ್ಷ ಬಾಳು.

ಇಂತಿ ನಿನ್ನ ಅಕ್ಕ,
ಮರಿಲಿಂಗಮ್ಮ
(ಸ್ವಂತ ಕೈಬರಹ)

ತಾ.ಕ.: ಟಪಾಲಿನವನು ಡಬ್ಬಿ ಬಿಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ವಿಚಾರಣೆ ಡಿಸೆಂಬರ್ ಹನ್ನೆರಡು, ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ. ಶನಿವಾರವೇ ಗಾಡಿ ಹತ್ತಿ ಯಾದಗಿರಿಯಲ್ಲಿ ಇಳಿ, ಭಾಗಣ್ಣ ಬಂದಿರುತ್ತಾರೆ. ನಿನ್ನ ಹೇಳಿಕೆ ಬರೆದುಕೊಂಡು ಕೆಳಗೆ ನಿನ್ನ ಗುರುತು ಕೇಳುತ್ತಾರೆ. ಹಣಮಂತ್ರಾಯ ಎದುರಿಗೇ ಕೂತಿರುತ್ತಾನೆ. "ಆ ಮೌನಪ್ಪಗ ಏನೂ ತಿಳಿಯಂಗಿಲ್ಲ, ಅಕ್ಕ ಹೇಳಿದಲ್ಲಿ ಹೆಬ್ಬಟ್ಟ ಒತ್ತತಾನ" ಎಂದು ಅವನು ಈಗಾಗಲೇ ಬರೆದು ಕೊಟ್ಟಿದ್ದಾನೆ. ಇವತ್ತಿನಿಂದ ಎಣಿಸಿದರೆ ಸರಿಯಾಗಿ ಇಪ್ಪತ್ತೊಂದು ದಿನ ಇದೆ. ಈ ಹಾಳೆಯ ಹಿಂದೆ ನಿನ್ನ ಹೆಸರು ದೊಡ್ಡದಾಗಿ ಬರೆದಿದ್ದೇನೆ. ಮೌ, ನ, ಪ್ಪ. ಮೂರೇ ಅಕ್ಷರ. ಸುಲ್ತಾನಸಾಬನಿಂದ ಹೇಳಿಸಿಕೊಂಡು ದಿನಾ ಅದರ ಮೇಲೆ ತಿದ್ದು, ಕೊನೆಯ ಅಕ್ಷರದ ಒತ್ತು ಮರೆಯಬೇಡ. ಅವರು ಹೆಬ್ಬೆಟ್ಟಿನ ಮಸಿಯ ಡಬ್ಬಿಯನ್ನು ನಿನ್ನ ಮುಂದೆ ಸರಿಸಿದಾಗ, ಅವನ ಮುಖವನ್ನೇ ನೋಡುತ್ತ, ಜೇಬಿನಿಂದ ಪೆನ್ನು ತೆಗೆ.